ಹದಿನಾಲ್ಕು ಕರಿ ಟ್ರಂಕು, ನಾಲ್ಕು ಸ್ಟೇಷನ್ನು: ಫೌಜಿ ಮನೆ ಪೆಟ್ಟಿಗೆಗೆ ನನ್ನ ರಿವ್ಯೂ

ಪಕ್ಕದ ಕ್ವಾರ್ಟರ್ಸ್‌ಗೆ ಹೊಸದಾಗಿ ಮದುವೆಯಾಗಿ ಬಂದಿರೋ ಹುಡುಗಿ, ಹಾವೇರಿ ಕಡೆಯವಳು, ಮೊನ್ನೆ ಸಂಜೆ ಬಂದು "ಅಕ್ಕಾರ, ಈ ಕರಿ ಟ್ರಂಕ್ ಎಷ್ಟ್ ತಗೋಬೇಕ್ರಿ, ಪ್ಲಾಸ್ಟಿಕ್ ಬಾಕ್ಸ್ ನಡಿಯಂಗಿಲ್ಲೇನ್ರಿ?" ಅಂದ್ಲು. ಐದು ನಿಮಿಷದ ಮಾತು ಅಂತ ಶುರು ಮಾಡಿದೆ, ಒಲೆ ಮೇಲಿದ್ದ ಬೇಳೆ ಸೀದು ವಾಸನೆ ಬರೋವರೆಗೂ ಮುಗೀಲಿಲ್ಲ. ಆಮೇಲೆ ಅನ್ನಿಸ್ತು, ಮಿಕ್ಸಿ ಬಗ್ಗೆ ಬರೀತಾರೆ, ಏರ್ ಫ್ರೈಯರ್ ಬಗ್ಗೆ ಬರೀತಾರೆ, ನಮ್ಮಂಥ ಫೌಜಿ, ಅಂದ್ರೆ ಮಿಲಿಟರಿ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ದುಡಿಯೋ ಈ ಟ್ರಂಕಿನ ಬಗ್ಗೆ ಯಾರಾದ್ರೂ ಕನ್ನಡದಲ್ಲಿ ಬರೆದಿದ್ದು ನಾನಂತೂ ನೋಡಿಲ್ಲ, ನಾನೇ ಬರೆಯೋಣ ಅಂತ.

ನಮ್ಮೂರು ಹಾಸನ ಜಿಲ್ಲೆ, ಚನ್ನರಾಯಪಟ್ಟಣದ ಹತ್ರ ಒಂದು ಹಳ್ಳಿ. ನಮ್ಮನೆಯವರು ಮದ್ರಾಸ್ ಸ್ಯಾಪರ್ಸ್, ಆರ್ಮಿಯ ಇಂಜಿನಿಯರ್ ಪಡೆ, ಅಂದ್ರೆ ಬೆಂಗಳೂರಲ್ಲಿ ಹಲಸೂರು ಕೆರೆ ಪಕ್ಕ ಇದೆಯಲ್ಲ ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್) ಸೆಂಟರ್, 1780ರಿಂದ ಲೆಕ್ಕ ಇಡೋ ಹಳೇ ಗ್ರೂಪು, ಅಲ್ಲಿ ಟ್ರೇನಿಂಗ್ ಆದವರು. ಸೌತಿನ ಹುಡುಗ್ರೇ ಇರೋದ್ರಿಂದ ಆರ್ಮಿಯಲ್ಲಿ ಎಲ್ರೂ ಇವರನ್ನ ತಂಬಿ ಅಂತಾನೇ ಕರೆಯೋದು, ಹಂಗಾಗಿ ನನಗೆ ಹಿಂದಿಗಿಂತ ಮೊದ್ಲು ತಮಿಳು ಬಂತು. 2012 ಡಿಸೆಂಬರ್‌ನಲ್ಲಿ ಮದುವೆ. ಆಮೇಲೆ ಬೆಂಗಳೂರು, ಬಂಗಾಳದ ಬಿನ್ನಾಗುರಿ, ನಡುವೆ ಇವರು ಹೆಂಡತಿ ಮಕ್ಕಳನ್ನ ಕರ್ಕೊಂಡು ಹೋಗೋಕಾಗದ ಫೀಲ್ಡ್‌ನಲ್ಲಿದ್ದಾಗ ಎರಡೂವರೆ ವರ್ಷ ನಾನು ಮಕ್ಕಳು ಊರಲ್ಲಿ ಅತ್ತೆ ಜೊತೆ, ಆಮೇಲೆ ಜೋಧ್‌ಪುರ, ಈಗ ಪಂಜಾಬಿನ ಬಠಿಂಡಾ. ಇಷ್ಟೂ ಓಡಾಟದಲ್ಲಿ ಎರಡು ಫ್ರಿಜ್ಜು ಹೋಯ್ತು, ಮೂರು ಮಿಕ್ಸಿ ಹೋಯ್ತು, ಟ್ರಂಕು ಮಾತ್ರ ಆರರಿಂದ ಹದಿನಾಲ್ಕಾಯ್ತು.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ಇದು ತಗಡಿನ ಪೆಟ್ಟಿಗೆ, ಹೊರಗಡೆ ಕರಿ ಬಣ್ಣ, ಎರಡು ಕಡೆ ಹಿಡಿ, ಮುಂದೆ ಬೀಗ ಹಾಕೋ ಕೊಂಡಿ, ಮುಚ್ಚಳದ ಮೇಲೆ ಬಿಳಿ ಪೇಂಟಲ್ಲಿ ರ‍್ಯಾಂಕು, ಹೆಸರು, ಯೂನಿಟ್ಟು. ಯಾವ ಕಂಟೋನ್ಮೆಂಟಿಗೆ ಹೋದ್ರೂ ಗೇಟಿನ ಆಚೆ ಸದರ್ ಬಜಾರಲ್ಲಿ ಇದನ್ನ ಮಾಡಿ ಮಾರೋ ಅಂಗಡಿ ಒಂದಾದ್ರೂ ಇರತ್ತೆ, ಪಕ್ಕದಲ್ಲೇ ಹೆಸರು ಬರೆಯೋ ಪೇಂಟರ್ ಕೂತಿರ್ತಾನೆ. ನಮ್ಮನೇಲಿ 36 ಇಂಚು ಉದ್ದ, 20 ಅಗಲ, 16 ಎತ್ತರದ್ದು 9 ಇದೆ, 30-18-12ರದ್ದು 5. ಬ್ರ್ಯಾಂಡು ಗೀಂಡು ಏನಿಲ್ಲ. ಅದಕ್ಕೇ ಹುಷಾರಾಗಿರಬೇಕಾಗಿರೋದು.

ಯಾಕಂದ್ರೆ ನಾವು ಮೊದಲನೇ ಸಲ ಮೋಸ ಹೋಗಿದ್ದೇ ಗೇಜಲ್ಲಿ, ಅಂದ್ರೆ ತಗಡಿನ ದಪ್ಪ ಹೇಳೋ ನಂಬರಲ್ಲಿ. 2013ರಲ್ಲಿ ಬೆಂಗಳೂರಲ್ಲೇ ಒಂದು ಅಂಗಡೀಲಿ ಆರು ಟ್ರಂಕ್ ತಗೊಂಡ್ವಿ, ಅಂಗಡಿಯವನು 22 ಗೇಜ್ ಅಂದ, ನಾನು ಹೊಸಬಳು, ನಂಬರ್ ಜಾಸ್ತಿ ಇದ್ರೆ ದಪ್ಪ ಅಂದ್ಕೊಂಡು "24 ಇಲ್ವಾ ಅಣ್ಣಾ" ಅಂತ ಬೇರೆ ಕೇಳಿದೆ! ಅವನು ನಕ್ಕೊಂಡು 24ರದ್ದೇ 22ರ ರೇಟಿಗೆ ಕಟ್ಟಿದ. ಗೇಜ್ ನಂಬರ್ ಏರಿದಷ್ಟೂ ತಗಡು ತೆಳು ಅನ್ನೋದು ಆಮೇಲೆ ಗೊತ್ತಾಯ್ತು, ಇವರು ರಜೆಗೆ ಬಂದಾಗ ಗೇಜ್ ಪ್ಲೇಟ್ ತಂದು ಅಂಚಿಗೆ ಸಿಕ್ಕಿಸಿ ನೋಡಿ "ಇದು ಟ್ರಂಕಲ್ಲ ಕಣೇ, ಎಣ್ಣೆ ಡಬ್ಬ" ಅಂದ್ರು. ಇವತ್ತಿಗೂ ಆ ಆರರಲ್ಲಿ ಮೂರು ಉಳಿದಿದೆ, ಮೇಲೆ ಕೂತ್ರೆ ಡೊಂಯ್ಕ್ ಅನ್ನತ್ತೆ, ಎದ್ರೆ ಇನ್ನೊಂದ್ಸಲ ಡೊಂಯ್ಕ್ ಅನ್ನತ್ತೆ. ಹಂಗಂತ ಬರೀ ದಪ್ಪದ್ದೇ ತಗೊಳ್ಳಿ ಅಂತಾನೂ ಹೇಳಲ್ಲ, ದೊಡ್ಡ ಸೈಜಿನ 22 ಗೇಜಿಂದು ಖಾಲಿ ಇದ್ದಾಗ್ಲೇ ಹತ್ತತ್ರ 15 ಕೆಜಿ ಬರತ್ತೆ, ಅದಕ್ಕೆ ಪಾತ್ರೆ ತುಂಬಿದ್ರೆ ಎತ್ತೋಕೆ ಇಬ್ಬರು ಬೇಕು, ಟ್ರಕ್ ಬರೋ ದಿನ ಇವರು ಡ್ಯೂಟೀಲಿ ಇರ್ತಾರೆ ಅನ್ನೋದು ನಮ್ಮ ಜಾತಕದಲ್ಲೇ ಬರೆದಿದೆ. ಆದ್ರಿಂದ ಪಾತ್ರೆ ಪುಸ್ತಕಕ್ಕೆ ಸಣ್ಣ ಸೈಜು ದಪ್ಪ ತಗಡು, ಬಟ್ಟೆ ಹಾಸಿಗೆಗೆ ದೊಡ್ಡ ಸೈಜು. ಉಲ್ಟಾ ಮಾಡಿದ್ರೆ ಸೊಂಟ ಹೋಗತ್ತೆ, ನಂದು ಹೋಗಿದೆ.

ಬಿನ್ನಾಗುರಿ ಈ ಟ್ರಂಕುಗಳಿಗೆ ನಿಜವಾದ ಪರೀಕ್ಷೆ. ಡುವಾರ್ಸ್ ಅಂತಾರಲ್ಲ, ಸುತ್ತ ಟೀ ತೋಟ, ಕಾಡು, ಮಳೆ ಅಂದ್ರೆ ನಮ್ಮ ಸಕಲೇಶಪುರ ನೆನಪಾಗೋ ಮಳೆ, ರಾತ್ರಿ ಹೊತ್ತು ಕಂಟೋನ್ಮೆಂಟ್ ಒಳಗೇ ಆನೆ ಬರೋ ಜಾಗ. ಆನೆಯಿಂದ ಏನೂ ಆಗ್ಲಿಲ್ಲ, ಆಗಿದ್ದೆಲ್ಲ ತೇವದಿಂದ. ಮೊದಲನೇ ಮಳೆಗಾಲ ಕಳೆದು ಟ್ರಂಕ್ ತೆಗೀತೀನಿ, ನನ್ನ ಧಾರೆ ಸೀರೆ ಮೇಲೆ ಕಂದು ಬಣ್ಣದ ಚುಕ್ಕಿ ಸಾಲು, ಮುಚ್ಚಳದ ಕೀಲಿನ ಒಳಗಡೆ ರಿವಿಟ್‌ಗೆ ಪೇಂಟ್ ಇರಲಿಲ್ಲ, ಅಲ್ಲಿಂದ ತುಕ್ಕಿನ ನೀರು ಇಳಿದಿದೆ. ಕಾಟನ್ ಆಗಿದ್ರೆ ನಿಂಬೆರಸ ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದ್ರೆ ಹೋಗತ್ತೆ, ರೇಷ್ಮೆಗೆ ಅದನ್ನ ಮಾಡಕ್ಕಾಗಲ್ಲ. ಆ ಸೀರೆ ಈಗ್ಲೂ ಇದೆ, ನೆರಿಗೆ ಒಳಗೆ ಆ ಕಲೆ ಬರೋ ಹಂಗೆ ಉಡೋದು ಕಲ್ತಿದೀನಿ.

ಆಮೇಲಿಂದ ನನ್ನ ನಿಯಮ ಏನಂದ್ರೆ, ಹೊಸ ಟ್ರಂಕ್ ತಂದ ದಿನ ಏನೂ ತುಂಬಬಾರದು. ಒಳಗಡೆ ಒಂದು ಕೋಟು ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಎನಾಮಲ್, ರಿವಿಟ್ಟಿಗೆ ಕೀಲಿಗೆ ಬ್ರಶ್ಶಲ್ಲಿ ತಿಕ್ಕಿ ತಿಕ್ಕಿ ಹಚ್ಚಬೇಕು, ಒಂದು ವಾರ ಬಿಸಿಲಲ್ಲಿ ಬಾಯಿ ತೆಗೆದಿಟ್ಟು ಪೇಂಟ್ ವಾಸನೆ ಹೋದ ಮೇಲೆ ಹಳೇ ಬೆಡ್‌ಶೀಟ್ ಹಾಸಿ ತುಂಬೋದು. ಕೆಳಗೆ ನಾಲ್ಕು ಇಟ್ಟಿಗೆ, ನೆಲಕ್ಕೆ ಸೀದಾ ತಾಗಬಾರದು, ಗೋಡೆಗೂ ಒಂದು ಕೈ ದೂರ ಇರಬೇಕು. ಯಾರೂ ಇದನ್ನ ಹೇಳಿಕೊಟ್ಟಿರಲಿಲ್ಲ, ಸೀರೆ ಹೇಳಿಕೊಡ್ತು.

ಇನ್ನೊಂದು ದಂಡ ಕಟ್ಟಿದ್ದು ಉಪ್ಪಿನಕಾಯಿಯಿಂದ. ಅಮ್ಮ ಎರಡು ಕೆಜಿ ನಿಂಬೆಹಣ್ಣಿನ ಉಪ್ಪಿನಕಾಯಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ಕೊಟ್ಟಿದ್ರು, ನಾನು ಪ್ರೀತಿಯಿಂದ ಟ್ರಂಕ್ ತಳದಲ್ಲಿ ಇಟ್ಟೆ. ಟ್ರಕ್ಕಲ್ಲಿ ಡಬ್ಬಿ ಒಡೆದು ರಸ ತಳಕ್ಕೆ ಇಳಿದು, ಅದು ತಲುಪೋಕೆ ಹದಿನೆಂಟು ದಿನ, ನಾನು ತೆಗೆಯೋಕೆ ಇನ್ನೊಂದು ವಾರ, ಅಷ್ಟರಲ್ಲಿ ಉಪ್ಪು ಹುಳಿ ಎರಡೂ ಸೇರ್ಕೊಂಡು ಪೇಂಟು ಕಿತ್ತು ತಗಡು ತಿಂದು, ಆ ವರ್ಷದ ಮಳೆಗಾಲ ಮುಗಿಯೋ ಹೊತ್ತಿಗೆ ತಳದಲ್ಲಿ ಬೆರಳು ತೂರೋ ತೂತು. ಅದರಲ್ಲೇ ಇದ್ದ ಇಡ್ಲಿ ಪಾತ್ರೆ, ಮುದ್ದೆ ಕೋಲು, ಕಾವಲಿ ಎಲ್ಲಾ ತಿಂಗಳುಗಟ್ಟಲೆ ಉಪ್ಪಿನಕಾಯಿ ವಾಸನೆ. ಹಂಗಾಗಿ ಉಪ್ಪಿನಕಾಯಿ, ಹುಣಸೆಹಣ್ಣು, ಉಪ್ಪು ಯಾವತ್ತೂ ಟ್ರಂಕಿಗೆ ಹಾಕಬೇಡಿ, ಕೈಯಲ್ಲೇ ಟ್ರೈನಿಗೆ ತಗೊಂಡ್ಹೋಗಿ, ಅಕ್ಕಪಕ್ಕದ ಸೀಟಿನವರು ಮುಖ ಸಿಂಡರಿಸಿದ್ರೂ ಪರವಾಗಿಲ್ಲ.

ಇಲಿ, ಗೆದ್ದಲು ವಿಷ್ಯದಲ್ಲಿ ಮಾತ್ರ ಟ್ರಂಕಿಗೆ ನೂರಕ್ಕೆ ನೂರು. ಜೊತೆಯವರು ಪ್ಲೈವುಡ್ ಕ್ರೇಟ್ ಮಾಡಿಸಿದ್ರು, ನೋಡೋಕೆ ಚೆಂದ, ಎರಡು ವರ್ಷದಲ್ಲಿ ಗೆದ್ದಲು ಒಳಗಿಂದ ತಿಂದು ಮುಚ್ಚಳ ಎತ್ತಿದ್ರೆ ಪುಡಿ. ಪ್ಲಾಸ್ಟಿಕ್ ಬಾಕ್ಸು ಕ್ವಾರ್ಟರ್ಸ್ ಒಳಗೆ ಮಂಚದ ಕೆಳಗೆ ಚೆನ್ನಾಗಿರತ್ತೆ, ಗಾಲಿ ಇರತ್ತೆ, ಒಳಗೇನಿದೆ ಕಾಣತ್ತೆ, ಆದ್ರೆ ಟ್ರಕ್ಕಲ್ಲಿ ಒಂದರ ಮೇಲೊಂದು ಐದು ಇಟ್ರೆ ಕೆಳಗಿನದು ಅಪ್ಪಚ್ಚಿ. ಜೋಧ್‌ಪುರದ ಬಿಸಿಲಿಗೆ ಅದರ ಕ್ಲಿಪ್ಪು ಕಡಲೆಪುರಿ ಥರ ಮುರಿದು ಹೋಯ್ತು. ಆರ್ಮಿ ಕ್ಯಾಂಟೀನ್ ಅಂಗಡಿಯಿಂದ ಬರೋ ರಟ್ಟಿನ ಡಬ್ಬಗಳು ಫ್ರೀ, ಚಪ್ಪಲಿ, ಆಟದ ಸಾಮಾನಿಗೆ ಸಾಕು. ಅಷ್ಟೇ ಅದರ ಯೋಗ್ಯತೆ.

ಜೋಧ್‌ಪುರ ಅಂದಿದ್ದಕ್ಕೆ ನೆನಪಾಯ್ತು, ಅಲ್ಲಿ ತುಕ್ಕಿಲ್ಲ, ಧೂಳು. ಮೇ ತಿಂಗಳಲ್ಲಿ ಆಂಧಿ ಎದ್ರೆ ಮರಳು ಗಾಳಿ ಬಾಗಿಲ ಸಂದೀಲಿ ನುಗ್ಗಿ ಬೀಗ ಹಾಕಿರೋ ಟ್ರಂಕಿನ ಒಳಗೂ ಸಣ್ಣ ಹಿಟ್ಟಿನ ಥರ ಕೂತ್ಕೊಳ್ಳತ್ತೆ. ಸೈಕಲ್ ಅಂಗಡಿಯಿಂದ ಹಳೇ ಟ್ಯೂಬ್ ತಂದು ಉದ್ದಕ್ಕೆ ಸೀಳಿ ಮುಚ್ಚಳದ ಅಂಚಿಗೆ ಅಂಟಿಸಿದ್ವಿ, ಮುಕ್ಕಾಲು ಪಾಲು ಧೂಳು ನಿಂತೋಯ್ತು. ಇದು ನಮ್ಮನೆಯವರ ತಲೆ, ಸ್ಯಾಪರ್‌ಗಳಿಗೆ ಸೇತುವೆ ಕಟ್ಟೋದು ಬಿಟ್ರೆ ಮನೇಲಿ ಇಂಥದ್ದೇ ಕೆಲ್ಸ.

ಈಗ ಪೀಠೋಪಕರಣದ ಕಥೆಗೆ ಬರ್ತೀನಿ. ಕ್ವಾರ್ಟರ್ಸಲ್ಲಿ, ಅದನ್ನ ನೋಡ್ಕೊಳ್ಳೋ ಮಿಲಿಟರಿ ಇಂಜಿನಿಯರ್ ಸರ್ವಿಸಸ್ ಅಂದ್ರೆ ಎಂಇಎಸ್‌ನವರ ಮಂಚ ಕುರ್ಚಿ ಮೇಜು ಸಿಗತ್ತೆ, ಆದ್ರೆ ಸೋಫಾ ಅಂತ ತಗೊಂಡ್ರೆ ಅದನ್ನ ಮುಂದಿನ ಊರಿಗೆ ಹೊರೋದು ಯಾರು? ಹಂಗಾಗಿ ಎರಡು ದೊಡ್ಡ ಟ್ರಂಕು ಉದ್ದಕ್ಕೆ ಜೋಡಿಸಿ, ಮೇಲೆ ಹಾಸಿಗೆ, ಮೇಲೆ ಬೆಡ್‌ಶೀಟು, ಎರಡು ದಿಂಬು, ಆಯ್ತು ದಿವಾನ. ಟೀವಿ ಕೆಳಗೆ ಒಂದು ಟ್ರಂಕು, ದೇವರ ಪಟ ಇಡೋಕೆ ಒಂದು, ಮಗನ ಓದೋ ಮೇಜು ಒಂದು. ಸಿವಿಲ್ ಕಡೆಯಿಂದ ಬಂದ ನೆಂಟರು "ಎಷ್ಟು ಚೆನ್ನಾಗಿ ಇಟ್ಕೊಂಡಿದೀಯ" ಅಂದ್ರೆ ಒಳಗೊಳಗೇ ನಗು ಬರತ್ತೆ, ಅವರು ಕೂತಿರೋದು ನಮ್ಮ ಚಳಿಗಾಲದ ರಜಾಯಿ ಮತ್ತೆ ಹಳೇ ಪ್ರೆಶರ್ ಕುಕ್ಕರ್ ಮೇಲೆ. ಒಂದ್ಸಲ ಸಾಹೇಬರ ಮೇಮ್‌ಸಾಬ್ ಮನೆಗೆ ಬಂದಿದ್ರು, ಮರ್ತು ಆ 24 ಗೇಜಿನ ಟ್ರಂಕಿರೋ ಕಡೆಗೇ ಕೂರಿಸಿಬಿಟ್ಟೆ, ಅವರು ಕೂತ ತಕ್ಷಣ ಡೊಂಯ್ಕ್. ಪಾಪ ಅವರೂ ಫೌಜಿ ಹೆಂಡತಿಯೇ, "ನಮ್ಮನೇದೂ ಹಿಂಗೇ ಕೂಗತ್ತೆ" ಅಂತ ಹಿಂದೀಲಿ ಅಂದು ನಕ್ಕು ಬಿಸ್ಕತ್ತು ತಿಂದ್ರು.

ದಿವಾನ ಆಗಬೇಕಂದ್ರೆ ಕವರ್ ಬೇಕು, ನನ್ನ ಹೊಲಿಗೆ ಹುಚ್ಚು ಶುರುವಾಗಿದ್ದೇ ಇಲ್ಲಿಂದ. ಬಿನ್ನಾಗುರೀಲಿ ಮೇಲಿನ ಮನೆ ಬಂಗಾಳಿ ದೀದಿ ಹಳೇ ಸೀರೆ ನಾಲ್ಕು ಪದರ ಹಾಕಿ ಓಡು ಹೊಲಿಗೇಲಿ ಕಾಂಥಾ ಹಾಕ್ತಿದ್ರು, ನೋಡಿದ್ರೆ ನಮ್ಮಜ್ಜಿ ಕೌದಿ ಹೊಲೀತಿದ್ದಿದ್ದಕ್ಕೆ ಅಕ್ಕ ತಂಗಿ ಇದ್ದಂಗಿದೆ. ನಮ್ಮದು ತುಂಡು ಬಟ್ಟೆ ತೇಪೆ, ಅವರದ್ದು ಸೀರೆ ಮೇಲೆ ಚಿತ್ರ, ಹೊಲಿಗೆ ಅದೇ. ಎರಡೂ ಸೇರಿಸಿ ಒಂದು ಟ್ರಂಕ್ ಕವರ್ ಮಾಡಿದೆ, ಆರು ತಿಂಗಳು ಹಿಡೀತು. ಇಲ್ಲಿ ಬಠಿಂಡಾದಲ್ಲಿ ಪಕ್ಕದ ಮನೆ ಪಂಜಾಬಿ ಹಿರಿಯಮ್ಮ, ಬೀಜಿ ಅಂತ ಕರೀತೀವಿ, ಫುಲ್ಕಾರಿ ಕಲಿಸ್ತಿದಾರೆ. ಅದು ಬಟ್ಟೆ ಹಿಂದಿನಿಂದ ಹಾಕೋ ಹೊಲಿಗೆ, ಎಳೆ ಲೆಕ್ಕ ಹಾಕಿ ಹಿಂದಿನಿಂದ ಸೂಜಿ ಆಡಿಸ್ತಾ ಹೋದ್ರೆ ಮುಂದೆ ಹೂವು ಮೂಡತ್ತೆ, ನಾನು ಎರಡು ಸಲ ಲೆಕ್ಕ ತಪ್ಪಿ ಬಿಚ್ಚಿದೀನಿ. ಆವಾದವರ ಅಂದ್ರೆ ಆರ್ಮಿಯವರ ಹೆಂಡತಿಯರ ವೆಲ್ಫೇರ್ ಸಂಘ, 1966ರಿಂದ ಇದೆ, ಅವರ ಮೀಟಲ್ಲಿ ಕಸದಿಂದ ರಸ ಥರದ ಸ್ಪರ್ಧೆ ಇಟ್ಟಿದ್ರು, ಆ ಕೌದಿ-ಕಾಂಥಾ ಕವರ್ ಹಾಕಿದ ಟ್ರಂಕ್ ಇಟ್ಟೆ. ಎರಡನೇ ಬಹುಮಾನ, ಒಂದು ಕ್ಯಾಸರೋಲ್. ಮೊದಲನೇ ಬಹುಮಾನ ಬಾಟಲಿಗೆ ಹಗ್ಗ ಸುತ್ತಿದವಳಿಗೆ ಹೋಯ್ತು, ಅದರ ಬಗ್ಗೆ ನಾನೇನೂ ಹೇಳಲ್ಲ.

ಪೇಂಟಿನ ವಿಷ್ಯ ಒಂದು ಹೇಳ್ಬೇಕು. ಪ್ರತೀ ಪೋಸ್ಟಿಂಗಿಗೂ ಹಳೇ ವಿಳಾಸದ ಮೇಲೆ ಕರಿ ಬಳಿದು ಹೊಸದಾಗಿ ಬರೆಸೋದು. ಹೋದ ವರ್ಷ ಒಂದು ಟ್ರಂಕಿನ ಪೇಂಟ್ ಎದ್ದಿತ್ತು ಅಂತ ಉಪ್ಪುಕಾಗದ ಹಾಕಿ ತಿಕ್ಕಿದ್ರೆ ಹವಾಲ್ದಾರ್ ಕೆಳಗೆ ನಾಯಕ್, ನಾಯಕ್ ಕೆಳಗೆ ಲ್ಯಾನ್ಸ್ ನಾಯಕ್, ತೀರಾ ತಳದಲ್ಲಿ ಇವರ ಮೊದಲನೇ ರ‍್ಯಾಂಕು ಸ್ಯಾಪರ್ ಅಂತ, ಇವರದೇ ಕೈಬರಹ, ಮದುವೆಗೆ ಮುಂಚೆ ಬರೆದಿದ್ದು. ನಾನು ತಿಕ್ಕೋದು ನಿಲ್ಸಿದೆ, ಹಂಗೇ ಇದೆ, ಅದಕ್ಕೆ ಮಾತ್ರ ಈ ಸಲ ವಾರ್ನಿಶ್ ಹೊಡೆದಿದೀನಿ. ರಿವ್ಯೂಗೆ ಸಂಬಂಧ ಇಲ್ಲ, ಆದ್ರೂ ಬರೆದೆ.

ಈಗ ಮುಖ್ಯವಾದ ವಿಷ್ಯ, ಊರಿಗೆ ಹೋದ ಮೇಲೆ ಇವುಗಳನ್ನ ಏನ್ ಮಾಡೋದು. ಇವರಿಗೆ ಇನ್ನೈದು ವರ್ಷ ಸರ್ವಿಸ್ ಇದೆ. ಊರಲ್ಲಿ ಒಂದೂವರೆ ಎಕರೆ, ಮೂವತ್ತು ತೆಂಗಿನ ಮರ, ಮಿಕ್ಕಿದ್ದು ರಾಗಿ, ಅದರ ನಡುನಡುವೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ. ಪೆನ್ಷನ್ ಬಂದ ಮೇಲೆ ಒಂದು ಹಸು, ಒಂದಿಪ್ಪತ್ತು ಕೋಳಿ, ಹಿತ್ತಲಲ್ಲಿ ಸೊಪ್ಪು ತರಕಾರಿ, ಅಂಗಡಿ ಅಂದ್ರೆ ಉಪ್ಪು ಸಕ್ಕರೆಗೆ ಮಾತ್ರ ಹೋಗೋ ಹಂಗೆ ಬದುಕಬೇಕು ಅನ್ನೋದು ನಂದೊಂದು ಲೆಕ್ಕ, ಒಂದು ನೋಟ್‌ಬುಕ್ ತುಂಬಾ ಪ್ಲಾನ್ ಬರೆದಿದೀನಿ. ಆ ನೋಟ್‌ಬುಕ್ಕಲ್ಲಿ ಮೊದಲನೇ ಪುಟದಲ್ಲೇ 'ಟ್ರಂಕ್ 14, ಒಂದೂ ಬಿಸಾಕೋ ಹಂಗಿಲ್ಲ' ಅಂತ ಇದೆ. ರಾಗಿಗೆ ನಾಲ್ಕು, ಕಾಳಿಗೆ ಎರಡು, ಕೋಳಿಮರಿಗೆ ಒಂದು, ಸೊಪ್ಪು ಬೆಳೆಯೋಕೆ ಹಳೇದು ಮೂರು ಅಂತ. ಪ್ರತೀ ರಜೆಗೆ ಒಂದೊಂದು ಟ್ರೈ ಮಾಡ್ತಾ ಬಂದೆ, ಒಂದೊಂದೇ ಗೀಟು ಹೊಡೀತಾ ಬಂದೆ.

ರಾಗಿ ಮೊದ್ಲು. 36 ಇಂಚಿನ ಟ್ರಂಕಿಗೆ ಲೆಕ್ಕದ ಪ್ರಕಾರ ಕಂಠಮಟ್ಟ ತುಂಬಿದ್ರೆ ಒಂದೂವರೆ ಕ್ವಿಂಟಾಲ್ ಹತ್ರ ಹಿಡಿಯತ್ತೆ, ನಾನು ಒಂದು ಕ್ವಿಂಟಾಲ್ ಹಾಕಿದೆ. ಹಾಕಿದ ಮೇಲೆ ಜಾಗ ಬದಲಾಯಿಸೋಕೆ ನಾನು ಇವರು ಭಾವ ಮೂರು ಜನ ಎಳೆದ್ವಿ, ಹಿಡಿ ಕಿತ್ತು ಬಂತು, ತಳ ಜೋತು ಬಿತ್ತು. ಟ್ರಂಕ್ ಮಾಡಿರೋದು ಬಟ್ಟೆ ಪಾತ್ರೆ ಹೊರೋಕೆ, ಕಾಳಿನ ಭಾರಕ್ಕಲ್ಲ. ಅದೂ ಹೋಗ್ಲಿ, ಮಳೆಗಾಲದಲ್ಲಿ ತಗಡು ರಾತ್ರಿ ತಣ್ಣಗಾಗಿ ಬೆವರತ್ತೆ, ಗೋಡೆ ಕಡೆ ಮೂಲೇಲಿ ರಾಗಿ ಗಂಟು ಕಟ್ಟಿ ಬೂಷ್ಟು. ಅತ್ತೆ ನೋಡಿ "ಅದ್ಯಾಕವ್ವ, ನಮ್ ಮಾವನ ಕಾಲ್ದಲ್ಲಿ ಹಗೇವಲ್ಲಿ ವರ್ಷಗಟ್ಲೆ ಮಡಗ್ತಿದ್ರು, ಏನೂ ಆಗ್ತಿರ್ನಿಲ್ಲ, ನೀನ್ ಮಿಲ್ಟ್ರಿ ಪೆಟ್ಗೇಲಿ ಮಡಗಿ ಮೂರ್ ತಿಂಗ್ಳಿಗೇ ಬೂಷ್ಟ್ ಹಿಡ್ಸುದ್ಯಲ್ಲ" ಅಂದ್ರು. ಹಗೇವು ಅಂದ್ರೆ ಕಾಳು ತುಂಬಿಡೋಕೆ ನೆಲದಲ್ಲಿ ತೋಡಿದ ಗುಂಡಿ. ತಪ್ಪು ನಂದೂ ಇತ್ತು, ಕಾಳು ಸರಿಯಾಗಿ ಒಣಗಿರಲಿಲ್ಲ, ಶೇ. 12ಕ್ಕಿಂತ ಕಮ್ಮಿ ತೇವ ಇರಬೇಕಂತೆ, ನಮ್ಮತ್ತೆ ಮೀಟರ್ ಅವರ ಹಲ್ಲು, ಕಚ್ಚಿದ್ರೆ ಕಟ್ ಅಂತ ಸದ್ದು ಬಂದ್ರೆ ಒಣಗಿದೆ ಅಂತ.

ಅವರೆಕಾಳಿಂದು ಇನ್ನೂ ಅನ್ಯಾಯ. ಟ್ರಂಕ್ ಬಿಗಿಯಾಗಿ ಮುಚ್ಚಿದ್ರೆ ಹುಳ ಬರಲ್ಲ ಅಂದ್ಕೊಂಡಿದ್ದೆ, ತೆಗೆದ್ರೆ ಕಾಳಿಗೊಂದು ತೂತು. ಹುಳ ಹೊರಗಿಂದ ಬರೋದಲ್ಲ ಅಂತ ಆಮೇಲೆ ತಿಳೀತು, ಹೊಲದಲ್ಲಿ ಕಾಯಿ ಮೇಲೇ ಮೊಟ್ಟೆ ಇಟ್ಟಿರತ್ತೆ, ಕಾಳಿನ ಜೊತೇಲೇ ನಮ್ಮನೆಗೆ ಬರತ್ತೆ, ನಾನು ಬೀಗ ಹಾಕಿ ಸಾಕಿದೀನಿ ಅಷ್ಟೇ. ಮುಂದಿನ ವರ್ಷ ಚೆನ್ನಾಗಿ ಬಿಸಿಲು ಕಾಯಿಸಿ, ಬೂದಿ ಕಲೆಸಿ, ಬೇವಿನ ಸೊಪ್ಪು ಹಾಕಿ ಮಡಕೇಲಿ ಇಟ್ಟಿದ್ದು ಉಳೀತು. ಇನ್ನೊಂದು ಎಚ್ಚರಿಕೆ, ಯಾವ ಟ್ರಂಕಲ್ಲಿ ಒಂದ್ಸಲ ನುಸಿಗುಳಿಗೆ ಹಾಕಿ ಬಟ್ಟೆ ಇಟ್ಟಿದೀರೋ ಅದನ್ನ ತಿನ್ನೋ ಪದಾರ್ಥಕ್ಕೆ ಜನ್ಮದಲ್ಲಿ ಬಳಸಬೇಡಿ, ಆ ವಾಸನೆ ಹೋಗಲ್ಲ, ತಿನ್ನೋಕೂ ಒಳ್ಳೇದಲ್ಲ. ನನ್ನ ಹದಿನಾಲ್ಕರಲ್ಲಿ ಹನ್ನೊಂದು ಹಂಗೇ ಔಟಾಯ್ತು.

ಕೋಳಿಮರಿಗೆ ಮಾತ್ರ ಪಾಸು. ಇಪ್ಪತ್ತು ಗಿರಿರಾಜ ಮರಿ ತಂದಿದ್ದೆ, ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ತಳಿ, ನಾಟಿ ಕೋಳಿ ಥರ ಹಿತ್ತಲಲ್ಲಿ ಓಡಾಡ್ಕೊಂಡು ಬೆಳೆಯತ್ತೆ. ಮೊದಲನೇ ವಾರ ಮರಿಗಳಿಗೆ 35 ಡಿಗ್ರಿ ಹತ್ರ ಕಾವು ಬೇಕು, ಆಮೇಲೆ ವಾರವಾರ ಒಂದಿಷ್ಟು ಕಮ್ಮಿ ಮಾಡ್ತಾ ಹೋಗೋದು. ಹಳೇ ಟ್ರಂಕಿನ ಮುಚ್ಚಳ ಬಿಚ್ಚಿ, ಮೇಲೆ ಮೆಶ್ ಕಟ್ಟಿ, ಒಳಗೆ ಒಂದು ಬಲ್ಬು ಇಳಿಬಿಟ್ಟು, ತಳಕ್ಕೆ ಭತ್ತದ ಹೊಟ್ಟು. ಮೊದ್ಲು ಪೇಪರ್ ಹಾಸಿದ್ದೆ, ಮರಿ ಕಾಲು ಜಾರಿ ಅಡ್ಡಡ್ಡ ಹೋಗ್ತಿತ್ತು, ಹೊಟ್ಟು ಹಾಕಿದ ಮೇಲೆ ಸರಿಹೋಯ್ತು. ಬೆಕ್ಕು ರಾತ್ರಿಯೆಲ್ಲಾ ಸುತ್ತ ತಿರುಗಿದ್ರೂ ತಗಡಿಗೆ ಉಗುರು ನಾಟಲ್ಲ. ಹದಿನೇಳು ಮರಿ ಬದುಕಿತು. ಬೇಸಿಗೇಲಿ ಮಧ್ಯಾಹ್ನ ಮಾತ್ರ ಬಲ್ಬ್ ಆರಿಸಿ ನೆರಳಿಗೆ ಎಳೀಬೇಕು, ಇಲ್ಲಾಂದ್ರೆ ಒಳಗೆ ತಂದೂರಿ.

ಸೊಪ್ಪಿಗೆ, ಆ ಉಪ್ಪಿನಕಾಯಿ ತೂತಿನ ಟ್ರಂಕೇ ಬಳಸಿದೆ, ತೂತು ಹೆಂಗೂ ಇತ್ತಲ್ಲ, ಇನ್ನೊಂದು ಹತ್ತು ಡ್ರಿಲ್ ಮಾಡಿದ್ರು. ಜೋಧ್‌ಪುರದಲ್ಲಿ ಏಪ್ರಿಲ್ ಬರ್ತಿದ್ದಂಗೆ ತಗಡು ಕಾದು ಬೇರು ಬೆಂದು ಹೋಯ್ತು. ಇಲ್ಲಿ ಬಠಿಂಡಾ ಚಳೀಲಿ ಅದೇ ಟ್ರಂಕಲ್ಲಿ ಮೆಂತ್ಯ, ಕೊತ್ತಂಬರಿ, ಪಾಲಕ್ ಅಕ್ಟೋಬರಿಂದ ಮಾರ್ಚ್‌ವರೆಗೂ ಕುಯ್ದಿದೀನಿ. ಆಸೆಗೆ ಅವರೆ ಬೀಜ ನೆಲಕ್ಕೆ ಹಾಕಿದ್ದೆ, ಬಳ್ಳಿ ಚೆನ್ನಾಗಿ ಹಬ್ಬಿ ಹೂ ಬಿಡೋ ಹೊತ್ತಿಗೆ ಡಿಸೆಂಬರ್ ಚಳಿಗೆ ಇಬ್ಬನಿ ಹೆಪ್ಪುಗಟ್ಟಿ ಸುಟ್ಟು ಹೋಯ್ತು. ಸೊಗಡಿನ ಅವರೆಕಾಯಿ ಸಾರು ಬೇಕಂದ್ರೆ ಊರಿಗೇ ಹೋಗ್ಬೇಕು.

ಈ ಊರಲ್ಲಿ ಇನ್ನೊಂದು ಪೆಟ್ಟಿಗೆ ನೋಡಿ ತಲೆ ಕೆಟ್ಟಿದೆ. ಪಂಜಾಬಿ ಮನೆಗಳಲ್ಲಿ ಪೇಟಿ ಅಂತ ಇರತ್ತೆ, ತಗಡಿಂದೇ, ಆದ್ರೆ ನನ್ನ ಎದೆ ಎತ್ತರ, ಕಾಲಿನ ಮೇಲೆ ನಿಂತಿರತ್ತೆ, ಮದುವೇಲಿ ಮಗಳಿಗೆ ಕೊಡೋದು, ಮನೆಯ ರಜಾಯಿ ಎಲ್ಲಾ ಅದರೊಳಗೆ. ಬೀಜಿ ಮನೇಲಿರೋದು ಅವರ ಮದುವೇದು, ಇಟ್ಟ ಜಾಗದಿಂದ ಒಂದು ಇಂಚು ಅಲ್ಲಾಡಿಲ್ಲವಂತೆ. ಕಾಲಿರೋದ್ರಿಂದ ತಳಕ್ಕೆ ಗಾಳಿ ಆಡತ್ತೆ, ತಗಡು ದಪ್ಪ. ನೋಡಿದ ದಿನ ರಾತ್ರಿ "ರೀ, ರಿಟೈರ್ ಆಗಿ ಹೋಗುವಾಗ ಅಂಥದ್ದೊಂದು ತಗೊಂಡ್ಹೋಗೋಣ" ಅಂದೆ. "ಬಠಿಂಡಾದಿಂದ ಚನ್ನರಾಯಪಟ್ಟಣಕ್ಕಾ? ಅದಕ್ಕೊಂದು ಟ್ರಕ್ಕು, ನಮಗೊಂದು ಟ್ರಕ್ಕಾ?" ಅಂದು ಮಗ್ಗುಲು ತಿರುಗಿದ್ರು. ಸರಿ, ನಮ್ಮೂರ ವೆಲ್ಡರ್ ಹತ್ರ ಅದೇ ಅಳತೇಲಿ ಮಾಡಿಸೋದು ಅಂತ ಟೇಪ್ ಹಿಡಿದು ಅಳೆದು ನೋಟ್‌ಬುಕ್ಕಲ್ಲಿ ಬರ್ಕೊಂಡಿದೀನಿ. ರಾಗಿಗೆ ಅಂತೂ ಮೂಲೆ ಇಲ್ಲದ ಉರುಟು ಡ್ರಮ್ಮೇ, ಮೂಲೆ ಇದ್ರೆ ಅಲ್ಲೇ ಕಾಳು ಕೂತು ಹುಳ ಸೇರೋದು.

ಹಾವೇರಿ ಹುಡುಗಿಗೆ ಕೊನೇಲಿ ಹೇಳಿದ್ದು ಇಷ್ಟು. ಮೊದ್ಲು ಆರೇ ತಗೋ, ನಾಲ್ಕು ಸಣ್ಣದು ಎರಡು ದೊಡ್ಡದು, ಟ್ರಂಕ್ ಜಾಸ್ತಿ ಇದ್ರೆ ಸಾಮಾನು ತಾನೇ ಹುಟ್ಕೊಳ್ಳತ್ತೆ. ಅಂಗಡಿಯವನು ಗೇಜ್ ಏನೇ ಹೇಳ್ಲಿ, ಮುಚ್ಚಳದ ನಡುವೆ ಹೆಬ್ಬೆರಳು ಒತ್ತಿ ನೋಡು, ಡೊಂಯ್ಕ್ ಅಂದ್ರೆ ಬೇಡ. ಒಳಗಿನ ಅಂಚಿನ ಮೇಲೆ ಹಳೇ ಕರ್ಚೀಫ್ ಎಳೆದು ನೋಡು, ನೂಲು ಸಿಕ್ಕಿಹಾಕ್ಕೊಂಡ್ರೆ ಅಂಚು ಮಡಿಚಿಲ್ಲ, ನಾಳೆ ಸೀರೆ ಹರಿಯೋದೂ ಅಲ್ಲೇ, ಮಗು ಕೈ ಕುಯ್ಯೋದೂ ಅಲ್ಲೇ. ಮುಚ್ಚಳ ಮುಚ್ಚಿ ಮೇಲೆ ಒಂದು ಲೋಟ ನೀರು ಹುಯ್ದು ಒಳಗೆ ಇಳಿಯತ್ತಾ ನೋಡು, ಅಂಗಡಿಯವನು ಬೈದ್ರೆ ಬೈಸ್ಕೋ. ಹಿಡಿ ರಿವಿಟ್ ಒಂದೊಂದು ಕಡೆ ನಾಲ್ಕಿರಬೇಕು, ಎರಡಿದ್ರೆ ಬೇಡ. ಒಳಗೆ ಏನೇನಿದೆ ಅಂತ ಚೀಟಿ ಬರೆದು ಮುಚ್ಚಳದ ಒಳಗೆ ಅಂಟಿಸು, ಹೊರಗೆ ಅಂಟಿಸಬೇಡ. ಟ್ರಕ್ ತಲುಪಿದ ಮೇಲೆ ಮೊದಲೆರಡು ದಿನ ಬದುಕೋಕೆ ಬೇಕಾದ ಸಾಮಾನು, ಒಂದು ಕುಕ್ಕರ್ ಒಂದು ತವಾ ನಾಲ್ಕು ತಟ್ಟೆ ಬೆಡ್‌ಶೀಟು, ಅದೊಂದು ಟ್ರಂಕಿಗೆ ಕೆಂಪು ಪಟ್ಟಿ ಬಳಿ, ಅದು ಟ್ರಕ್ಕಲ್ಲಿ ಕೊನೇಗೆ ಹತ್ತಬೇಕು, ಮೊದ್ಲು ಇಳೀಬೇಕು.

ಸ್ಟಾರ್ ಕೊಡೋದಾದ್ರೆ, ಸಾಮಾನು ಸಾಗಿಸೋಕೆ 5ಕ್ಕೆ 5, ಕೂರೋಕೆ 3, ಮಳೆ ಊರಲ್ಲಿ ಸೀರೆ ಇಡೋಕೆ ಪೇಂಟ್ ಮಾಡಿದ್ರೆ 4, ಮಾಡದಿದ್ರೆ ಸೊನ್ನೆ, ಕೋಳಿಮರಿಗೆ 4, ಕಾಳುಕಡ್ಡಿಗೆ 1.

ಅಂದಹಾಗೆ ಹದಿನಾಲ್ಕು ಅಂದ್ನಲ್ಲ, ಇಲ್ಲಿರೋದು ಹದಿಮೂರೇ. ಆ ಬೂಷ್ಟು ಹಿಡಿದಿದ್ದ ರಾಗಿ ಟ್ರಂಕನ್ನ ಅತ್ತೆ ಬಿಸಿನೀರು ಹಾಕಿ ಉಜ್ಜಿ, ಒಣಗಿಸಿ, ಕಿತ್ತ ಹಿಡಿಗೆ ತಾವೇ ತಂತಿ ಕಟ್ಟಿ, ಅದರಲ್ಲಿ ತಮ್ಮ ಸೀರೆ, ಬ್ಯಾಂಕ್ ಪಾಸ್‌ಬುಕ್, ಹೊಲದ ಪತ್ರ ಇಟ್ಕೊಂಡಿದಾರೆ. ಹೋದ ರಜೆಗೆ ಕೇಳ್ದೆ, "ಅತ್ತೆ, ಆ ಟ್ರಂಕ್ ಕೊಡಿ, ಈ ಸಲ ಪೋಸ್ಟಿಂಗಿಗೆ ಬೇಕು" ಅಂತ. "ನಿಂಗೇನವ್ವ, ಬೇಕಾದಷ್ಟವೆ, ಇದೊಂದು ನನ್ಗಿರ್ಲಿ" ಅಂದ್ರು. ಬೀಗದ ಕೈ ಸೊಂಟದಲ್ಲೇ ಇತ್ತು.